ಅತ್ತೆಯ ಬಿಪಿ ಮಾತ್ರೆ, ಅಕ್ಕನ ಬಸಿರು

ಆವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ರಕ್ತದೊತ್ತಡ ಏರಿಸುವ ಹಾರ್ಮೋನು ಬಂದು ಕೂರುವ ಗ್ರಾಹಕವನ್ನು, ಅಂದರೆ ರಿಸೆಪ್ಟರನ್ನು, ಇಲಿಯ ಭ್ರೂಣದ ಮೂತ್ರಪಿಂಡದಲ್ಲಿ ಹುಡುಕುವುದೇ ನನ್ನ ಪಿಎಚ್.ಡಿ. ಕೆಲಸ. ಕೊನೆಗೂ ಅದು ಮೈಕ್ರೋಸ್ಕೋಪಿನಡಿ ಹಸಿರಾಗಿ ಹೊಳೆದುಬಿಟ್ಟಿತ್ತು! ದಿಲ್ಲಿಯ ಮುನಿರ್ಕಾದಲ್ಲಿದ್ದ ನನ್ನ ರೂಮಿಗೂ ಹೋಗದೆ, ಸೀದಾ ಮೆಟ್ರೋ ಹತ್ತಿ ಮಯೂರ್ ವಿಹಾರಿನ ಅಕ್ಕನ ಮನೆಗೆ ಓಡಿದೆ. ಅವಳಿಗಾಗ ಆರು ತಿಂಗಳು.

ಅಕ್ಕನ ಅತ್ತೆ ಕಾಫಿ ಕೊಟ್ಟರು. ಅದು ಆರುತ್ತಿದ್ದರೂ ನನ್ನ ಬಾಯಿ ನಿಲ್ಲಲಿಲ್ಲ. "ಹೊಟ್ಟೇಲಿರೋ ಮಗೂಗೆ ಕಿಡ್ನಿ ಬೆಳೀಬೇಕಾದ್ರೆ ಈ ಗ್ರಾಹಕ ಬೇಕೇ ಬೇಕು ಅಕ್ಕಾ! ಕೆಲವು ಬಿಪಿ ಮಾತ್ರೆ ಇದಕ್ಕೇ ಬೀಗ ಹಾಕತ್ತೆ. ದೊಡ್ಡೋರ ಕಿಡ್ನಿ ಉಳಿಸೋ ಮಾತ್ರೇನೇ ಕೂಸಿನ ಕಿಡ್ನಿ ಕೆಡಿಸತ್ತೆ!"

ಅತ್ತೆಯ ಮುಖ ಬಿಳಿಚಿಕೊಂಡಿತು. "ಯಾವ ಮಾತ್ರೆ ಪುಟ್ಟಾ?"

ಸರ್ಕಾರಿ ನೌಕರರ ಮನೆ ಅದು. ಡಿಸ್ಪೆನ್ಸರಿಯಿಂದ ತಂದ ಮಾತ್ರೆಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಯಾರಿಗೆ ಏನಾದರೂ ಅದರಿಂದಲೇ ಔಷಧಿ. ಬಸಿರಲ್ಲಿ ಬಿಪಿ ಏರಿದ್ದ ಅಕ್ಕನ ಮಾತ್ರೆ ಹೋದ ವಾರ ಮುಗಿದಿತ್ತು. ಬಿಪಿಗೆ ಬಿಪಿ ಮಾತ್ರೆ ತಾನೇ ಎಂದು ಅತ್ತೆ ತಮ್ಮದನ್ನೇ ಕೊಡುತ್ತಿದ್ದರು. ಮಾತ್ರೆಯ ಪಟ್ಟಿ ತಿರುಗಿಸಿ ಹೆಸರು ನೋಡಿದೆ. ನಾನು ಹೇಳಿದ ಅದೇ ಜಾತಿಯ ಮಾತ್ರೆ.

"ಈ ಡಬ್ಬಿಗೆ ಬೆಂಕಿ ಹಾಕ!" ಎಂದು ಕಿರುಚಿದೆ. ಅಕ್ಕ ಡಾಕ್ಟರಿಗೆ ಫೋನ್ ಮಾಡಿದಳು. ಆ ಮಾತ್ರೆ ಇನ್ನು ಮುಟ್ಟಬೇಡಿ, ಈಗಲೇ ಸ್ಕ್ಯಾನಿಗೆ ಬನ್ನಿ ಎಂದರು. ಆಟೋದಲ್ಲಿ ಅತ್ತೆ, "ನನ್ನ ಕೈಯಾರೆ ಹೀಗ್ಮಾಡ್ದೆನಲ್ಲೇ" ಎಂದು ಅಳುತ್ತಲೇ ಇದ್ದರು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನರ್ಸು ಒಬ್ಬರೇ ಬನ್ನಿ ಎಂದರೂ ನಾವಿಬ್ಬರೂ ಅಕ್ಕನ ಹಿಂದೆಯೇ ಒಳಗೆ ನುಗ್ಗಿದೆವು. ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು ಬಹುಪಾಲು ಅದರದೇ ಮೂತ್ರ. ಮೂತ್ರಪಿಂಡ ಸೋತರೆ ಆ ನೀರು ಬತ್ತುತ್ತದೆ. ಇದು ಗೊತ್ತಿದ್ದ ನಾನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಪಾನಿ ಬಿಲ್ಕುಲ್ ಠೀಕ್ ಹೈ," ಎಂದರು ಡಾಕ್ಟರಮ್ಮ. ನೀರು ಬತ್ತಿರಲಿಲ್ಲ, ಸರಿಯಾಗಿಯೇ ಇತ್ತು! ಪರದೆಯ ಮೇಲೆ ಎರಡು ಮೂತ್ರಪಿಂಡಗಳನ್ನು ತೋರಿಸಿದರು. ಅವುಗಳ ಕೆಳಗೆ ತುಂಬಿಕೊಂಡಿದ್ದ ಪುಟ್ಟ ಕಪ್ಪು ಚೀಲ ನಾವು ನೋಡುತ್ತಿದ್ದಂತೆಯೇ ಕುಗ್ಗಿಹೋಯಿತು.

"ಅಯ್ಯೋ, ಏನಾಯ್ತೇ ಅದಕ್ಕೆ?" ಅತ್ತೆ ನನ್ನ ತೋಳು ಹಿಡಿದರು.

"ಉಚ್ಚೆ ಹೊಯ್ತು ಅತ್ತೆ! ಉಚ್ಚೆ!" ನಾನು ಕುಣಿದೇಬಿಟ್ಟೆ.

ಮಡಿ ಮೈಲಿಗೆ ಎಂದು ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಳ್ಳುವ ಆ ಹೆಂಗಸು ಪರದೆಗೆ ಕೈಮುಗಿದು ನಿಂತರು. "ಹೊಯ್ಯಿ ನನ್ನ ಕಂದಾ, ಹೊಯ್ಯಿ. ಹೊರಗೆ ಬಾ, ನನ್ನ ಮಡಿಸೀರೆ ಮೇಲೇ ಹೊಯ್ಯುವಿಯಂತೆ."