ಯಾರ ಮನೆಯವಳು ಈ ಎರ್ಸಿಲಿಯಾ?

ಬೆಳಗಿನ ಐದೂಕಾಲು. ಪೊತೆನ್ಸಾ ಪಟ್ಟಣದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಎರ್ಸಿಲಿಯಾ ಲಾವೆಕ್ಕಿಯಾ ಉತ್ತರಪತ್ರಿಕೆ ತಿದ್ದುತ್ತಿದ್ದಾರೆ. ಪಕ್ಕದಲ್ಲಿ ಫ್ಲಾಸ್ಕಿನ ಕಾಫಿ ಆರುತ್ತಿದೆ. ವಯಸ್ಸು ಅರವತ್ತೊಂದು. ಇಪ್ಪತ್ತೊಂಬತ್ತು ವರ್ಷಗಳಿಂದ ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದರೂ ಇಂದಿಗೂ ಬದಲಿ ಶಿಕ್ಷಕಿಯೇ. ಯಾರಾದರೂ ರಜೆ ಹಾಕಿದರೆ ಇವರಿಗೆ ಕೆಲಸ, ಶಾಲಾ ವರ್ಷ ಮುಗಿಯುವ ಜೂನ್ ಮೂವತ್ತಕ್ಕೆ ಮನೆ. ಈವರೆಗೆ ಹದಿನಾಲ್ಕು ಶಾಲೆಗಳಾಗಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನಮ್ಮ ಶಿಕ್ಷಣ ಇಲಾಖೆಯನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

"ಸುಸ್ತಾಗಿದೆಯಪ್ಪಾ. ಪಾಠ ಮಾಡಿ ಅಲ್ಲ, ಪ್ರತಿ ವರ್ಷ ಹೊಸಬಳಾಗಿ," ಎಂದು ಜೊತೆಗೆ ಹೊರಟ ನನಗೆ ಹೇಳುತ್ತಾರೆ.

ಎರಡು ಬಸ್ಸು, ಆಮೇಲೆ ಗುಡ್ಡದ ಏರು. ಎಂಟಕ್ಕೆ ತರಗತಿ. ನಮ್ಮ ಕಡೆ ಗುರುತಿಲ್ಲದ ಹುಡುಗಿ ಎದುರಾದರೆ ಹಿರಿಯರು ಹೆಸರು ಕೇಳುವುದಿಲ್ಲ, ಯಾರ ಮನೆಯವಳು ಎಂದು ಕೇಳುತ್ತಾರೆ. ಎರ್ಸಿಲಿಯಾ ಮಕ್ಕಳಿಂದ ಪದಗಳಿಗೂ ಅದೇ ಪ್ರಶ್ನೆ ಹಾಕಿಸುತ್ತಾರೆ. ಇವತ್ತು ಸಿಕ್ಕಿಬಿದ್ದವಳು ಮರಿಲೆನಾ. 'ಪೆದಗೋಗೊ' ಅಂದರೆ ಮಕ್ಕಳಿಗೆ ಕಲಿಸುವವನು. ಆ ಪದದ ಮೂಲ ಬಿಡಿಸುವಾಗ ಅವಳು 'ಕಾಲ್ನಡಿಗೆಯಲ್ಲಿ ಕರೆದೊಯ್ಯುವವನು' ಎಂದು ಬರೆದಿದ್ದಾಳೆ.

"ಇದು ಯಾರ ಮನೇದೇ?"

"ಲ್ಯಾಟಿನ್ ಮನೇದು, ಪ್ರೊಫ್. ಪೆದ್ ಅಂದ್ರೆ ಪಾದ."

"ಅದು ಲ್ಯಾಟಿನ್ನಿನೋರ ಪೆದ್. ಇದು ಗ್ರೀಕರ ಮನೇದು, ಅಲ್ಲಿ ಮಗು ಅಂತ ಅರ್ಥ. ಮುಖ ನೋಡಿ ನೆಂಟಸ್ತನ ಬೆಳೆಸಬೇಡ."

"ನೀವು ದಿನಾ ಗುಡ್ಡ ಹತ್ತಿ ನಡ್ಕೊಂಡೇ ಬರ್ತೀರಲ್ಲ, ನಂದೂ ಸರೀನೇ!"

ತರಗತಿ ಗೊಳ್ಳೆನ್ನುತ್ತದೆ. "ಬಾಯಿಗೆ ಅರ್ಧ ಮಾರ್ಕ್ಸು ಕೊಟ್ಟೆ, ಕೂತ್ಕೋ," ಎನ್ನುವಾಗ ಎರ್ಸಿಲಿಯಾ ಕೂಡ ನಗುತ್ತಿದ್ದಾರೆ. ಇಡೀ ದಿನದಲ್ಲಿ ಆ ಮುಖ ಅರಳಿದ್ದು ಅದೊಂದೇ ಸಲ.

ಸಿಬ್ಬಂದಿ ಕೋಣೆಯಲ್ಲಿ ಪ್ರತಿ ಶಿಕ್ಷಕರಿಗೂ ಒಂದು ಡ್ರಾಯರ್, ಅದರ ಮೇಲೆ ಹೆಸರು. ಎರ್ಸಿಲಿಯಾ ಬಳಸುವ ಡ್ರಾಯರಿನ ಮೇಲಿರುವುದು ರಜೆಯಲ್ಲಿರುವವರ ಹೆಸರು. ಅವರು ಸೆಪ್ಟೆಂಬರಿನಲ್ಲಿ ಮರಳುತ್ತಾರೆ.

"ನಿಮ್ಮನ್ನೇ ಯಾರಾದರೂ ಯಾರ ಮನೆಯವರು ಎಂದು ಕೇಳಿದರೆ?" ಎನ್ನುತ್ತೇನೆ. ನಾನು ಕೇಳಬಾರದಿತ್ತು. ಅವರು ಕನ್ನಡಕ ತೆಗೆದು ಒರೆಸುತ್ತಾರೆ.

"ಯಾವ ಶಾಲೆಯೋಳೂ ಅಲ್ಲ. ನಿವೃತ್ತಿ ಆಗೋದ್ರೊಳಗೆ ಒಂದು ಡ್ರಾಯರ್ ಮೇಲೆ ನನ್ನ ಹೆಸರು ನೋಡ್ಬೇಕು. ಅಷ್ಟೇ."

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಜವಾನ ದೋನಾತೊ ಕೋಲನ್ನು ಗೋಡೆಗೆ ಒರಗಿಸುತ್ತಾನೆ. ಗಂಟೆ ಬಾರಿಸುವ ವೇಳಾಪಟ್ಟಿಯ ತುಂಡೊಂದನ್ನು ಹರಿದು, ಅದರ ಹಿಂಬದಿ ದಪ್ಪ ಅಕ್ಷರದಲ್ಲಿ 'ಲಾವೆಕ್ಕಿಯಾ' ಎಂದು ಬರೆದು, ಮೂಲೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ಖಾಲಿ ಡ್ರಾಯರಿಗೆ ಬಗ್ಗಿ ಅಂಟಿಸುತ್ತಾನೆ.

"ಬೇಡ ದೋನಾತೊ. ಜೂನ್ ಮೂವತ್ತಕ್ಕೆ ಕಿತ್ತು ಹಾಕ್ತಾರೆ."

"ಯಾರು ಕೀಳೋದು? ಇಲ್ಲಿ ಚೀಟಿ ಕೀಳೋನು ನಾನೊಬ್ಬನೇ," ಎನ್ನುತ್ತಾ ದೋನಾತೊ ಬಕೆಟ್ ಎತ್ತಿಕೊಳ್ಳುತ್ತಾನೆ. "ನಂಗೋ ಬೆನ್ನುನೋವು, ಪ್ರೊಫೆಸೊರೇಸ್ಸಾ. ಬಗ್ಗೋಕಾಗಲ್ಲ."