ಗಾಳಿಗೆ ಮುಖ ಕೊಟ್ಟು ಇಳಿಯುವುದು

ಉಮ್ಮತ್ತೂರಿನಲ್ಲಿ ರಾಗಿಯನ್ನು ಇನ್ನೂ ಕಣದಲ್ಲೇ ಒಕ್ಕುತ್ತಿದ್ದ ದಿನಗಳವು. ಸುಗ್ಗಿ ಬಂತೆಂದರೆ ಶಾಂತಮಲ್ಲಮ್ಮನವರು ಎತ್ತರದ ಮಣೆಯ ಮೇಲೆ ನಿಂತು, ತುಂಬಿದ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು, ಗಾಳಿ ಏಳುವುದನ್ನೇ ಕಾಯುತ್ತಿದ್ದರು. ಎದ್ದ ಗಾಳಿ ನಡುವೆ ನಿಂತುಹೋದರೆ ಅವರು ಬೈಯುವ ಬೈಗುಳ ಪಕ್ಕದ ಕಣಕ್ಕೂ ಕೇಳಿಸುತ್ತಿತ್ತು. ಮಗಳು ಸುಧಾಮಣಿಯ ಕೈಗೆ ಮೊದಲ ಸಲ ಮೊರ ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ ಎಂಬುದು ತಾಯಿಯ ಲೆಕ್ಕ. ಮಗಳ ಲೆಕ್ಕದಲ್ಲಿ ಹನ್ನೊಂದು. ಹೇಳಿಕೊಟ್ಟ ಮಾತಿನ ವಿಷಯದಲ್ಲಿ ಮಾತ್ರ ಇಬ್ಬರ ನೆನಪೂ ಒಂದೇ.

“ಗಾಳಿಗೆ ಬೆನ್ ಕೊಟ್ಟು ನಿಂತ್ಕೊ ಕಣಮ್ಮಿ. ಹೊಟ್ಟು ಮುಂದುಕ್ಕೆ ಓಗ್ಬೇಕು. ಇಲ್ದಿದ್ರೆ ಕಣ್ಗೇ ಬೀಳದು.”

ಎಂಟು ಹತ್ತು ಸುಗ್ಗಿಗಳಲ್ಲಿ ಆ ಪಾಠ ಸುಧಾಮಣಿಯವರ ಮೈಗೆ ಹತ್ತಿಹೋಯಿತು. ಹೊಗೆ ಯಾವ ಕಡೆಗೆ ಬಾಗಿದರೂ, ಒಣಹಾಕಿದ ಸೀರೆ ಯಾವ ಕಡೆಗೆ ಹಾರಿದರೂ, ಅವರ ಪಾದಗಳು ತಾವಾಗಿ ಆ ದಿಕ್ಕಿಗೆ ತಿರುಗಿ ನಿಲ್ಲುತ್ತಿದ್ದವು. ಈಗ ಆ ಕಣಗಳಿಲ್ಲ. ರಾಗಿಯನ್ನು ಡಾಂಬರು ರಸ್ತೆಗೆ ಹರಡಿ ಬಸ್ಸು ಲಾರಿಗಳ ಚಕ್ರಕ್ಕೆ ಬಿಡುತ್ತಿದ್ದ ಕಾಲವೂ ಹಿಂದಾಗಿ, ಒಂದೇ ಹೊತ್ತಿನಲ್ಲಿ ಕೊಯ್ದು, ಒಕ್ಕಿ, ತೂರಿಬಿಡುವ ಯಂತ್ರ ಬಂದಿದೆ.

ಕಣ ಬಿಟ್ಟು ಅವರು ಕಂಡ ಮೊದಲ ದೊಡ್ಡ ಗಾಳಿ ಆಗ್ರಾದ್ದು. ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ, ಎರಡು ಸಾವಿರದ ಇಸವಿಯ ಚಳಿಗಾಲದಲ್ಲಿ, ಎನ್‌ಸಿಸಿಯಿಂದ ಆಯ್ಕೆಯಾಗಿ ಹೋದ ಅವರು ಅಲ್ಲಿ ಐದು ಸಲ ವಿಮಾನದಿಂದ ಹಾರಿದರು. ಕೊಟ್ಟದ್ದು ದುಂಡನೆಯ ಪ್ಯಾರಾಚೂಟ್. ಅದು ಬಿಚ್ಚಿಕೊಂಡ ಮೇಲೆ ಉಳಿದದ್ದೆಲ್ಲ ಗಾಳಿಯ ಇಷ್ಟ. ಕಾಲುಗಳನ್ನು ಜೋಡಿಸಿ, ನೆಲ ಮುಟ್ಟಿದೊಡನೆ ಪಕ್ಕಕ್ಕೆ ಉರುಳಬೇಕು, ಅಷ್ಟೇ. ಐದನೆಯ ಸಲ ಗಾಳಿ ಅವರನ್ನು ಹೂ ಬಿಟ್ಟ ಸಾಸಿವೆ ಹೊಲದೊಳಗೆ ದರದರನೆ ಎಳೆದುಕೊಂಡು ಹೋಯಿತು. ಅಂಗಿಗೆ ಹತ್ತಿದ ಹಳದಿ ಉಮ್ಮತ್ತೂರಿಗೆ ಬಂದು ಮೂರು ಸಲ ಒಗೆದರೂ ಬಿಡಲಿಲ್ಲ. ಅದೇ ಮೈದಾನದಲ್ಲಿ ತರಬೇತುದಾರರು ಚೌಕನೆಯ ಪ್ಯಾರಾಚೂಟ್‌ಗಳಲ್ಲಿ ತಮಗೆ ಬೇಕಾದತ್ತ ತಿರುಗಿ, ಬಸ್ಸಿನಿಂದ ಇಳಿದವರಂತೆ ನಿಂತುಕೊಂಡೇ ನೆಲ ಮುಟ್ಟುತ್ತಿದ್ದರು. ಆ ಇಳಿತ ಸುಧಾಮಣಿಯವರ ಕಣ್ಣಲ್ಲಿ ಕೂತುಬಿಟ್ಟಿತು.

ಆಮೇಲೆ ದೈಹಿಕ ಶಿಕ್ಷಣದ ಪದವಿ, ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ಕೆಲಸ, ಈರುಳ್ಳಿ ವ್ಯಾಪಾರದ ರಾಜಶೇಖರ್ ಜೊತೆ ಮದುವೆ, ಎರಡು ಮಕ್ಕಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಸೀಟಿ ಊದುವುದರಲ್ಲೇ ಕಳೆಯಿತು.

ಹೋದ ಜನವರಿಯಲ್ಲಿ ಚಾಮರಾಜನಗರದ ರಸ್ತೆಯ ಪಕ್ಕದ ಹುರುಳಿ ಕೊಯ್ದ ಬಯಲಿಗೆ ಪ್ಯಾರಾಚೂಟ್ ಶಿಬಿರವೊಂದು ಬಂತು. ಮೂರು ವಾರದ ಶಿಬಿರ. ಮಣ್ಣಿನ ಓಡುದಾರಿ, ಒಂದು ಪುಟ್ಟ ವಿಮಾನ, ಎರಡು ಗುಡಾರ. ಕಲಿಸುವವರು ಚಾಮರಾಜನಗರದವರೇ ಆದ ಸುನೀಲ್ ಕುಮಾರ್. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಸುಧಾಮಣಿ ಹೋಗಿ ಹೆಸರು ಬರೆಸಿದರು. ನಿಯಮ ಸರಳವಾಗಿತ್ತು. ಮೊದಲ ಕೆಲವು ಹಾರಾಟಗಳಲ್ಲಿ ಹೆಲ್ಮೆಟ್ಟಿನ ರೇಡಿಯೋದಲ್ಲಿ ಸುನೀಲ್ ಕುಮಾರ್ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಾರೆ. ಬಳಿಕ ರೇಡಿಯೋ ಇಲ್ಲದೆ, ತಮ್ಮದೇ ತೀರ್ಮಾನದಲ್ಲಿ, ಗುರುತು ಹಾಕಿದ ಜಾಗದಲ್ಲಿ ಮೂರು ಸಲ ಇಳಿಯಬೇಕು. ಮೂರೂ ಒಪ್ಪಿಗೆಯಾದರೆ ಅವರವರ ಹಾರಾಟದ ಪುಸ್ತಕಕ್ಕೆ ಸಹಿ. ಆ ಸಹಿ ಇದ್ದವರು ಯಾವ ಶಿಬಿರಕ್ಕೆ ಹೋದರೂ ಒಂಟಿಯಾಗಿ ಹಾರಬಹುದು. ನಲವತ್ತನಾಲ್ಕು ತುಂಬಿದ ಸುಧಾಮಣಿಯವರಿಗೆ ಇಂಥ ಶಿಬಿರ ಮತ್ತೆ ಮನೆ ಬಾಗಿಲಿಗೆ ಬರುವುದೆಂಬ ಭರವಸೆ ಇರಲಿಲ್ಲ.

ಅವರಿಗೆ ಸಿಕ್ಕ ಪ್ಯಾರಾಚೂಟ್ ಶಿಬಿರದಲ್ಲೇ ದೊಡ್ಡದು, ಇನ್ನೂರ ನಲವತ್ತು ಚದರ ಅಡಿಯ ಬಟ್ಟೆ. ಅದನ್ನು ಮಡಿಸುವುದನ್ನು ನೋಡುತ್ತ ನಿಂತ ಶಾರುಖ್‌ಗೆ ತಡೆಯಲಾಗಲಿಲ್ಲ. ಲಾರಿ ಸ್ಟ್ಯಾಂಡಿನ ಬಳಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅವನು ಸುಧಾಮಣಿಯವರ ಹಳೆಯ ವಿದ್ಯಾರ್ಥಿ. ಬೇರೆ ರಾಜ್ಯದಲ್ಲಿ ಅರವತ್ತು ಸಲ ಹಾರಿ ಬಂದು, ಇಲ್ಲಿ ನೂರ ತೊಂಬತ್ತರದನ್ನು ಬಳಸುತ್ತಿದ್ದ.

“ಏನ್ ಮಿಸ್, ಟಾರ್ಪಾಲ್ ಕೊಟ್ಬುಟ್ಟವ್ರೆ? ಎರಡು ಲೋಡ್ ಈರುಳ್ಳಿ ಮುಚ್ಬೋದಲ್ಲ ಇದ್ರಲ್ಲಿ.”

“ನೈನ್ತಲ್ಲಿ ನಿನ್ನ ಗ್ರೌಂಡ್ ಸುತ್ತ ಓಡ್ಸಿದ್ದು ಸಾಕಾಗ್ಲಿಲ್ಲ ಅನ್ಸುತ್ತೆ ಕಣೋ.”

ಹಾಗೆ ಬಾಯಿ ಮುಚ್ಚಿಸಿದರೂ ಮಾತು ಚುಚ್ಚಿತ್ತು. ಸಂಜೆ ಅವರು ಸುನೀಲ್ ಕುಮಾರ್ ಬಳಿ ಹೋಗಿ ಚಿಕ್ಕದು ಕೇಳಿದರು. ಸುನೀಲ್ ಕುಮಾರ್ ಬೇಡ ಎನ್ನಲಿಲ್ಲ. ಮರುದಿನ ರಾಜಶೇಖರ್ ಅವರ ಮಂಡಿಯಿಂದ ಈರುಳ್ಳಿ ತೂಗುವ ಯಂತ್ರ ತರಿಸಿ, ಶೂ, ಹೆಲ್ಮೆಟ್, ಬೆನ್ನಿನ ಚೀಲ ಸಮೇತ ಸುಧಾಮಣಿಯವರನ್ನು ಅದರ ಮೇಲೆ ನಿಲ್ಲಿಸಿದರು. ಎಪ್ಪತ್ತಾರು ಕೆ.ಜಿ.

“ಪೌಂಡಲ್ಲಿ ನೂರ ಅರವತ್ತೇಳು. ನಮ್ಮತ್ರ ಇರೋ ನೂರ ಎಪ್ಪತ್ತರದು ಕೊಟ್ರೆ, ಒಂದೊಂದು ಚದರ ಅಡಿ ಬಟ್ಟೆ ಮೇಲೂ ಒಂದೊಂದು ಪೌಂಡ್ ಕೂರುತ್ತೆ ಮೇಡಂ. ಜೋರಾಗಿ ಹೋಗುತ್ತೆ, ಜೋರಾಗಿ ತಿರುಗುತ್ತೆ. ಈ ದೊಡ್ಡದರಲ್ಲಿ ಮುಕ್ಕಾಲು ಪೌಂಡೂ ಬೀಳಲ್ಲ. ನೀವು ತಪ್ಪು ಮಾಡಿದ್ರೂ ಯೋಚ್ನೆ ಮಾಡಕ್ಕೆ ಟೈಮ್ ಕೊಡುತ್ತೆ.”

“ನಾನು ತಪ್ಪೇ ಮಾಡ್ದಿದ್ರೆ?”

“ಹಾಗಂದವ್ರನ್ನ ಸುಮಾರು ಜನನ ನೋಡಿದೀನಿ, ಆಸ್ಪತ್ರೇಲಿ.” ಸುನೀಲ್ ಕುಮಾರ್ ಸುಧಾಮಣಿಯವರ ಎದೆಯ ಪಟ್ಟಿಯನ್ನೂ ತೊಡೆಯ ಪಟ್ಟಿಗಳನ್ನೂ ಎಳೆದು ನೋಡಿದರು. “ಇದು ಸಡಿಲ. ಮೊದ್ಲು ಪಟ್ಟಿ ಮೈಗೆ ಸರಿಯಾಗಿ ಕೂರ್ಲಿ. ಬಟ್ಟೆ ವಿಷಯ ಆಮೇಲೆ.”

ಶಿಬಿರದ ಆರನೆಯ ದಿನ ಸುಧಾಮಣಿ ಮೊದಲ ಸಲ ರೇಡಿಯೋ ಇಲ್ಲದೆ ಹಾರಿದರು. ನಾಲ್ಕು ಸಾವಿರ ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡಿತು. ತಲೆಯ ಎರಡು ಬದಿಯ ಹಿಡಿಗಳನ್ನು ಎಳೆದು ನೋಡಿದರು. ಎಡಗೈ ಎಳೆದರೆ ಎಡಕ್ಕೆ, ಬಲಗೈ ಎಳೆದರೆ ಬಲಕ್ಕೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟಸಾಲು, ಇನ್ನೊಂದು ಕಡೆ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ. ಕೆಳಗೆ ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ತುಂಬಿಕೊಂಡು ಬಾಲವನ್ನು ಪಡುವಣಕ್ಕೆ ಚಾಚಿತ್ತು. ಅಂದರೆ ಮೂಡಗಾಳಿ, ಮೂಡಣಕ್ಕೆ ಮುಖ ಮಾಡಿ ಇಳಿಯಬೇಕು. ಇದನ್ನು ಅವರು ಬರೆದುಕೊಂಡಿದ್ದರು, ಬಾಯಿಪಾಠ ಮಾಡಿದ್ದರು. ಆದರೂ ಮುನ್ನೂರು ಅಡಿಗೆ ಬಂದಾಗ ಕೈಗಳು ಪ್ಯಾರಾಚೂಟನ್ನು ಚೀಲದ ಬಾಲ ಚಾಚಿದ ಕಡೆಗೇ ತಿರುಗಿಸಿದವು.

ನೆಲ ಓಡತೊಡಗಿತು. ತಪ್ಪು ಹೊಳೆದಾಗ ಎತ್ತರ ನೂರು ಅಡಿಯೂ ಇರಲಿಲ್ಲ. ಗಾಬರಿಯಲ್ಲಿ ಎಡಗೈ ಎಳೆದರು. ಪ್ಯಾರಾಚೂಟ್ ಮುಗ್ಗರಿಸಿದಂತೆ ಒಂದು ಕಡೆಗೆ ವಾಲಿ, ಅವರನ್ನು ಬುಗುರಿಯಂತೆ ಬೀಸಿ, ನೆಲಕ್ಕೆ ತಂದು ಹಾಕಿತು.

ಎಲುಬು ಮುರಿದಿರಲಿಲ್ಲ, ಕಾಲಿನ ಹರಡು ಮಾತ್ರ ಉಳುಕಿತ್ತು. ವೈದ್ಯರು ಹತ್ತು ದಿನ ಕಾಲೂರಬೇಡಿ ಎಂದರು.

ಸುನೀಲ್ ಕುಮಾರ್ ಮನೆಗೆ ನೋಡಲು ಬಂದರು. “ಗಾಳಿ ಬೆನ್ನಿಗಿತ್ತಲ್ಲ, ಅದು ಸಣ್ಣ ತಪ್ಪು. ನೆಟ್ಟಗೆ ಇಳಿದಿದ್ರೆ ನಾಲ್ಕು ಹೆಜ್ಜೆ ಓಡಿ ಬೀಳ್ತಿದ್ರಿ, ಅಷ್ಟೆ. ಅಷ್ಟು ಕೆಳಗೆ ತಿರುಗಿದ್ರಲ್ಲ ಮೇಡಂ, ಜನ ಸಾಯೋದು ಅದ್ರಲ್ಲಿ. ತಿರುಗೋ ಪ್ಯಾರಾಚೂಟು ನೆಟ್ಟಗಿರೋದಕ್ಕಿಂತ ಬೇಗ ನೆಲಕ್ಕೆ ಬರುತ್ತೆ. ಟಾರ್ಪಾಲ್ ಆಗಿದ್ದಕ್ಕೆ ಕಾಲಲ್ಲಿ ಹೋಯ್ತು.” ಆಮೇಲೆ ಕೇಳಿದರು, “ಆದ್ರೆ ಎಲ್ಲಾ ಗೊತ್ತಿದ್ದೂ ಆ ಕಡೆಗೆ ಯಾಕೆ ತಿರುಗಿದ್ರಿ?”

ಮಗಳ ಕಾಲಿಗೆ ಶಾಖ ಕೊಡಲೆಂದು ಊರಿನಿಂದ ಬಂದಿದ್ದ ಶಾಂತಮಲ್ಲಮ್ಮನವರು, ಗಾಳಿಚೀಲ ಎಂದರೇನೆಂದು ಕೇಳಿ ತಿಳಿದುಕೊಂಡು, ಬಟ್ಟೆಯನ್ನು ಬಿಸಿನೀರಿಗೆ ಅದ್ದುತ್ತ ನಕ್ಕರು.

“ಅಯ್ಯೋ ನಿನ್ನ! ಗಾಳಿಗೆ ಬೆನ್ ಕೊಡು ಅಂತ ನಾನ್ ಏಳ್ಕೊಟ್ಟಿದ್ದು ರಾಗಿ ತೂರಕ್ಕೆ ಕಣಮ್ಮಿ. ನಿನ್ನೇ ನೀನ್ ತೂರ್ಕಳಕ್ಕಲ್ಲ.”

ಸುನೀಲ್ ಕುಮಾರ್ ನಗಲಿಲ್ಲ. ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಆ ಮಾತನ್ನು ಬರೆದುಕೊಂಡರು. ಅವರೂ ರೈತರ ಮಗ. ಆದರೆ ಕಣದಲ್ಲಿ ಗಂಡುಮಕ್ಕಳ ಕೆಲಸ ಎತ್ತು ಹೊಡೆಯುವುದಾಗಿತ್ತು, ತೂರುವ ಪಾಠ ಅವರಿಗೆ ಸಿಕ್ಕಿರಲಿಲ್ಲ.

ಕಾಲು ಊರುವಂತಾದ ಮೇಲೆ ಪಾಠ ನೆಲದ ಮೇಲೆ ನಡೆಯಿತು. ಕೈಗಳನ್ನು ಮೇಲಕ್ಕೆತ್ತಿ, ಇಲ್ಲದ ಹಿಡಿಗಳನ್ನು ಹಿಡಿದುಕೊಂಡು, ಸುಧಾಮಣಿ ಹುರುಳಿ ಕೂಳೆಯ ನಡುವೆ ಇಳಿಯುವ ದಾರಿಯನ್ನು ನಡೆದರು. ಸಾವಿರ ಅಡಿ ಎಂದುಕೊಂಡಲ್ಲಿ ಗಾಳಿಯ ಜೊತೆಗೆ, ಆರುನೂರರಲ್ಲಿ ಅಡ್ಡಕ್ಕೆ, ಮುನ್ನೂರರಲ್ಲಿ ಗಾಳಿಗೆ ಎದುರಾಗಿ. ಕುರಿ ಕಾಯುವವರು ಕೋಲಿಗೆ ಗಲ್ಲ ಊರಿ ಈ ಸೋಜಿಗವನ್ನು ನೋಡಿದರು.

“ಕೆನ್ನೆಗೆ ಬಡಿಯೋ ಗಾಳಿನ ನಂಬ್ಬೇಡಿ,” ಎನ್ನುತ್ತಿದ್ದರು ಸುನೀಲ್ ಕುಮಾರ್. “ಮೇಲೆ ಅದು ನಿಮ್ಮ ಓಟದ ಗಾಳಿ, ಯಾವ ಕಡೆ ತಿರುಗಿದ್ರೂ ಮುಖಕ್ಕೇ ಹೊಡೆಯುತ್ತೆ. ಚೀಲದ ಬಾಲ ನೋಡ್ಬೇಡಿ, ಬಾಯಿ ನೋಡಿ. ಬಾಯಿ ಎತ್ತಲೋ ನಿಮ್ಮ ಮೂಗು ಅತ್ತ. ಲೋಡಾದ ಲಾರಿ ಎತ್ತರಕ್ಕೆ ಬಂದಾಗ ಎರಡು ಕೈನೂ ಒಟ್ಟಿಗೆ ಕೆಳಗೆ ಎಳೀರಿ, ಅದೇ ಬ್ರೇಕು. ಮುನ್ನೂರು ಅಡಿ ಕೆಳಗೆ ಮನಸ್ಸು ಬದಲಾಯಿಸೋ ಹಾಗಿಲ್ಲ.”

ಶಿಬಿರ ಮುಗಿಯಲು ಮೂರು ದಿನ ಉಳಿದಿತ್ತು. ಮೊದಲೆರಡು ದಿನ ಒಂದೊಂದರಂತೆ ಎರಡು ಇಳಿತ, ಎರಡೂ ಮೂಡಣಕ್ಕೆ ಮುಖ ಮಾಡಿ. ಎರಡನೆಯ ಸಲ ಅವರು ನಿಂತುಕೊಂಡೇ ನೆಲ ಮುಟ್ಟಿದರು. ಅಂದು ಸುಧಾಮಣಿ ಬಯಲಿನ ಅಂಚಿನ ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತಿದ್ದರು. ಆಗ್ರಾದಲ್ಲಿ ಜೊತೆಗಿದ್ದ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದೆ, ಹನ್ನೊಂದರಲ್ಲಿ ಏಳೇ ಸಿಕ್ಕವು ಎಂದು ಆಮೇಲೆ ಹೇಳಿದರು.

ಕೊನೆಯ ದಿನ ಬೆಳಿಗ್ಗೆ ಸುನೀಲ್ ಕುಮಾರ್ ತಾವಾಗಿಯೇ ಕೇಳಿದರು. “ಇನ್ನೂರ ಹತ್ತರದು ಖಾಲಿ ಇದೆ. ನಿಮ್ಮ ತೂಕಕ್ಕೆ ಅದೂ ಸರಿಹೋಗುತ್ತೆ. ಯಾವುದು ಬೇಕು, ನೀವೇ ಹೇಳಿ.”

ಶಾರುಖ್ ಪಕ್ಕದಲ್ಲೇ ಇದ್ದ. ಸುಧಾಮಣಿ ಗಾಳಿಚೀಲದ ಕಡೆ ನೋಡಿದರು.

“ಗಾಳಿ ಎಷ್ಟಿದೆ ಸಾರ್? ದೊಡ್ಡದು ಎದುರುಗಾಳೀಲಿ ಮುಂದಕ್ಕೆ ಹೋಗ್ದೆ ನಿಂತ್ಬಿಡಲ್ಲ ತಾನೆ?”

“ಹದಿನೈದು ಕಿಲೋಮೀಟರ್. ನಿಲ್ಲಲ್ಲ. ಇಪ್ಪತ್ತೈದು ದಾಟಿದ್ರೆ ನಾನೇ ಹಾರಕ್ಕೆ ಬಿಡಲ್ಲ.”

“ಹಾಗಾದ್ರೆ ಟಾರ್ಪಾಲೇ ಇರ್ಲಿ. ಹೊಸದರ ಸ್ವಭಾವ ಪರೀಕ್ಷೆ ದಿನ ಕಲಿಯಕ್ಕಾಗಲ್ಲ.”

ಶಾರುಖ್ ಅವರ ಬೆನ್ನ ಹಿಂದೆ ಹೋಗಿ ತಿರುಚಿಕೊಂಡಿದ್ದ ಪಟ್ಟಿಯೊಂದನ್ನು ಸರಿಮಾಡಿದ.

ಹತ್ತೂವರೆಗೆ ವಿಮಾನ ಏರಿತು. ಶಾಂತಮಲ್ಲಮ್ಮನವರು ಉಮ್ಮತ್ತೂರಿನಿಂದ ಎರಡು ಬಸ್ಸು ಹಿಡಿದು ಬಂದು ಗುಡಾರದ ನೆರಳಿನಲ್ಲಿ ಕೂತಿದ್ದರು. ಮೇಲೆ ಎಲ್ಲವೂ ಸರಿಯಾಗಿತ್ತು. ಸಾವಿರ ಅಡಿ, ಆರುನೂರು. ಮುನ್ನೂರಕ್ಕೆ ಸುಧಾಮಣಿ ಮೂಡಣಕ್ಕೆ ತಿರುಗಿದರು. ಚೀಲದ ಬಾಯಿಯೂ ಮೂಡಣಕ್ಕಿತ್ತು. ನೂರ ಐವತ್ತು ಅಡಿ ಇರುವಾಗ, ಹೊತ್ತೇರಿದ ಬಯಲಿನ ಬಿಸಿಗೆ ಪಡುವಣದಿಂದ ಒಂದು ಗಾಳಿ ಎದ್ದಿತು. ಚೀಲ ಒಮ್ಮೆ ಜೋತುಬಿದ್ದು, ತುಂಬಿಕೊಂಡು, ಬಾಲವನ್ನು ಮೂಡಣಕ್ಕೆ ಬೀಸಿತು.

ಗಾಳಿ ಈಗ ಬೆನ್ನಿಗಿತ್ತು. ಕೆಳಗೆ ಕೂಳೆಯ ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಓಡತೊಡಗಿದವು. ಎರಡು ಒಪ್ಪಿಗೆಯಾಗಿದೆ, ಇದು ಮೂರನೆಯದು, ಗಾಳಿಗೆ ಎದುರಾಗಿ ಇಳಿಯಬೇಕು, ಇಂದು ಬಿಟ್ಟರೆ ಇನ್ನಿಲ್ಲ. ಬಲಗೈ ತಾನಾಗಿ ಒಂದು ಗೇಣು ಕೆಳಗೆ ಬಂತು. ಪ್ಯಾರಾಚೂಟ್ ವಾಲತೊಡಗಿತು.

ಅವರು ಕೈಯನ್ನು ಮೇಲಕ್ಕೆ ಬಿಟ್ಟರು.

ಪ್ಯಾರಾಚೂಟ್ ನೆಟ್ಟಗಾಯಿತು. ಅವರು ಕಾಲುಗಳನ್ನು ಜೋಡಿಸಿದರು. ಲಾರಿಯಷ್ಟು ಎತ್ತರದಲ್ಲಿ ಎರಡು ಹಿಡಿಗಳನ್ನೂ ಒಟ್ಟಿಗೆ ಸೊಂಟದವರೆಗೆ ಎಳೆದು, ನೆಲ ತಗುಲಿದೊಡನೆ ಪಕ್ಕಕ್ಕೆ ಉರುಳಿದರು. ಒಂದು ಉರುಳು, ಎರಡು ಉರುಳು, ಬಾಯಿ ತುಂಬ ಮಣ್ಣು. ಪ್ಯಾರಾಚೂಟ್ ಮುಂದೆ ಹೋಗಿ ಮುದುಡಿ ಬಿತ್ತು. ಗುರುತಿನ ಜಾಗ ಇಪ್ಪತ್ತು ಮಾರು ಹಿಂದೆ ಉಳಿದಿತ್ತು.

ಸುಧಾಮಣಿ ಎದ್ದು ಕೂತರು, ಆದರೆ ಯಾರನ್ನೂ ನೋಡಲಿಲ್ಲ. ಹಗ್ಗಗಳನ್ನು ಸುತ್ತತೊಡಗಿದರು. ಓಡಿ ಬಂದ ಸುನೀಲ್ ಕುಮಾರ್ ಮೊದಲು ಅವರ ಹರಡನ್ನು ಒತ್ತಿ ನೋಡಿದರು.

“ಜಾಗಕ್ಕೆ ಬರ್ಲಿಲ್ಲ ಸಾರ್. ಬೆನ್ಗಾಳೀಲೇ ಇಳಿದೆ.”

“ನೋಡ್ದೆ. ಬಲಗೈ ಎಳೆದು ಬಿಟ್ರಲ್ಲ, ಅದನ್ನೂ ನೋಡ್ದೆ.” ಅವರು ಅಲ್ಲೇ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸುಧಾಮಣಿಯವರ ಹಾರಾಟದ ಪುಸ್ತಕವನ್ನು ಮೊಣಕಾಲ ಮೇಲಿಟ್ಟು ಬರೆದರು: ‘ನೂರ ಐವತ್ತು ಅಡಿಯಲ್ಲಿ ಗಾಳಿ ತಿರುಗಿತು. ಇವರು ತಿರುಗಲಿಲ್ಲ. ಒಂಟಿಯಾಗಿ ಇಳಿಯಬಹುದು.’ ಕೆಳಗೆ ಸಹಿ ಹಾಕಿದರು.

ಶಾಂತಮಲ್ಲಮ್ಮನವರು ಸೀರೆಯ ನೆರಿಗೆ ಎತ್ತಿಕೊಂಡು ಕೂಳೆ ದಾಟಿ ಬರುವಷ್ಟರಲ್ಲಿ ಮಗಳ ತಲೆಯಿಂದ ಕಾಲಿನವರೆಗೂ ಕೆಂಪು ಮಣ್ಣು.

“ಬಿದ್ಬುಟ್ಟಲ್ಲಾ ಮಗಾ! ಓದ್ಸಲ ಎಷ್ಟ್ ಚೆಂದಾಗಿ ನಿಂತ್ಕಂಡಂತೆ, ನಾನ್ ಬಂದ್ ದಿನ್ವೇ ಬೀಳದಾ?”

“ಬಿದ್ದೆ ಕಣವ್ವ,” ಎಂದರು ಸುಧಾಮಣಿ, ಹಲ್ಲಿನ ಮಣ್ಣು ಉಗಿಯುತ್ತ. “ಪಾಸಾದೆ.”

ತಾಯಿಗೆ ನಂಬಿಕೆ ಬರಲಿಲ್ಲ. ಅವರು ಸುನೀಲ್ ಕುಮಾರ್ ಕಡೆಗೆ ತಿರುಗಿ, ಬರೆದದ್ದನ್ನು ಒಂದು ಸಲ ಗಟ್ಟಿಯಾಗಿ ಓದಿ ಹೇಳಪ್ಪಾ ಎಂದು ಕೇಳಿದರು. ಸುನೀಲ್ ಕುಮಾರ್ ಎದ್ದು ನಿಂತು ಓದಿದರು.