ಗಟ್ಟಿಯಮ್ಮ ಓದಿದ ಹೆಸರು

ಅಚ್ಚಿಗೆ ಹೋಗುವ ಪುಟಗಳ ಕರಡು ತಿದ್ದುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದ ಮನುಷ್ಯ ಒಂದೇ ಒಂದು ಹಾಳೆಯ ಅರ್ಜಿ ತುಂಬುವಾಗ ಎಡವಿದರೆ, ಆ ಅವಮಾನವನ್ನು ಯಾರಿಗೂ ಕಾಣದಂತೆ ನುಂಗಿಕೊಳ್ಳಬಹುದು. ಆದರೆ ಆ ಅರ್ಜಿ ಗಟ್ಟಿಯಮ್ಮನ ಕೈಗೆ ಹೋಗಿದ್ದರೆ ಆ ಅನುಕೂಲ ಇರುವುದಿಲ್ಲ.

ಬಂದರಿನ ಹಳೆಯ ದಾಖಲೆ ಕೋಣೆಯಲ್ಲಿ ಆ ಬೆಳಿಗ್ಗೆ ಒಂಬತ್ತು ಜನ ತಲೆ ತಗ್ಗಿಸಿ ಓದುತ್ತ ಕೂತಿದ್ದರು. ಗಟ್ಟಿಯಮ್ಮ ಅರ್ಜಿಯನ್ನು ಬೆಳಕಿಗೆ ಹಿಡಿದು, ಪಡಸಾಲೆಯ ಆ ತುದಿಗೂ ಕೇಳುವಂತೆ ಓದತೊಡಗಿದರು. ಅರ್ಜಿದಾರನ ಹೆಸರು ಓದಿದರು. ಹುಡುಕಬೇಕಾದವರ ಹೆಸರು ಓದಿದರು. ಎರಡೂ ಒಂದೇ. ಕನ್ನಡಕದ ಮೇಲಿನಿಂದ ಎದುರಿಗಿದ್ದವನನ್ನು ನೋಡಿದರು.

“ಏನ್ರೀ, ನಿಮ್ಮನ್ನ ನೀವೇ ಹುಡುಕ್ತಾ ಇದೀರಾ?”

ಒಂಬತ್ತು ತಲೆಗಳೂ ಮೇಲೆದ್ದವು.

“ಅಲ್ಲ ಮೇಡಂ, ಕಾಲಂ ತಪ್ಪಿ…”

“ತಡೀರಿ. ಕಡಲಾಚೆ ಹೋಗಿ ಎಂಬತ್ತು ವರ್ಷ. ಅರ್ಜಿದಾರರ ವಯಸ್ಸು ಐವತ್ತಮೂರು. ಅಂದ್ರೆ ಹುಟ್ಟೋಕೆ ಇಪ್ಪತ್ತೇಳು ವರ್ಷ ಮುಂಚೇನೇ ಹಡಗು ಹತ್ತಿದೀರಿ. ಬಹಳ ಅವಸರದ ಮನುಷ್ಯ ಕಣ್ರೀ ನೀವು. ಏನು ಕೆಲಸ?”

“ಕರಡು ನೋಡೋದು.”

“ಕರಡಿ ನೋಡೋದಾ? ಯಾವ ಮೃಗಾಲಯದಲ್ಲಿ?”

“ಕರಡು, ಮೇಡಂ, ಕರಡು! ಪುಸ್ತಕ ಅಚ್ಚಾಗೋ ಮುಂಚೆ ಅದರಲ್ಲಿರೋ ತಪ್ಪು ಹುಡುಕಿ ತಿದ್ದೋದು.”

ಗಟ್ಟಿಯಮ್ಮ ಅರ್ಜಿಯನ್ನು ನೋಡಿದರು, ಅವನನ್ನು ನೋಡಿದರು. ಆಡಿದ ಮಾತಿಗಿಂತ ಆ ನೋಟವೇ ಹೆಚ್ಚು ಉರಿಯಿತು. ಅಂದಿನಿಂದ ಆ ಕೋಣೆಯಲ್ಲಿ ಅವನು ‘ಕರಡಿಯವರು’. ಬಾಗಿಲ ಜವಾನನೂ ಹಾಗೇ ಕರೆದು, ಕುರ್ಚಿ ತೋರಿಸುವಾಗ ತುಸು ದೂರವೇ ನಿಲ್ಲುತ್ತಿದ್ದ.

ಗಟ್ಟಿಯಮ್ಮನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೀತು. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸಿದ ದಾಖಲೆಯಿಲ್ಲ. ಮೂವತ್ತನಾಲ್ಕು ವರ್ಷದಿಂದ ಆಕೆ ಕೂರುವ ಮೇಜಿನ ನೆತ್ತಿಯ ಮೇಲೇ ‘ಸದ್ದು ಮಾಡಬೇಡಿ’ ಎಂಬ ಫಲಕ ತೂಗುತ್ತದೆ. ಫಲಕ ತನ್ನ ಪಾಡಿಗೆ ತೂಗಿತು, ಆಕೆ ತನ್ನ ಪಾಡಿಗೆ ಓದಿದರು. ಒಮ್ಮೆ ಶಿಸ್ತಿನ ಹೊಸ ಅಧಿಕಾರಿಯೊಬ್ಬ ಬಂದು, ಬಾಯಿ ಮುಚ್ಚಿಕೊಂಡು ಓದಬೇಕೆಂದು ಲಿಖಿತ ಆದೇಶ ಕೊಟ್ಟ. ಗಟ್ಟಿಯಮ್ಮ ಆ ಆದೇಶವನ್ನೂ ಗಟ್ಟಿಯಾಗಿ ಓದಿ ಸಹಿ ಹಾಕಿದರು. ಸಿಟ್ಟಿಗೆದ್ದವನು ಆಕೆಯನ್ನು ಉಗ್ರಾಣಕ್ಕೆ ವರ್ಗ ಮಾಡಿದ. ಮೂರು ವಾರದಲ್ಲಿ ಆ ಕೋಣೆಯಲ್ಲಿ ಯಾರಿಗೂ ಏನೂ ಸಿಗದಂತಾಗಿ, ಕಡೆಗೆ ಅಧಿಕಾರಿಗೆ ತನ್ನದೇ ವರ್ಗಾವಣೆಯ ಪತ್ರವೂ ಸಿಗದೆ, ಆಕೆಯನ್ನು ಮರಳಿ ಕರೆಸಬೇಕಾಯಿತು.

ಗಟ್ಟಿಯಾಗಿ ಓದುವುದು ಆಕೆಯ ಚಟವಲ್ಲ, ಕಸುಬು. ಇಪ್ಪತ್ತೆರಡರ ವಯಸ್ಸಿನಲ್ಲಿ ನಕಲು ಬರೆಯುವ ಕೆಲಸಕ್ಕೆ ಸೇರಿದಾಗ ಇದ್ದ ಹಿರಿಯ ದಾಖಲೆಗಾರರಿಗೆ ಕಣ್ಣು ಪೂರ್ತಿ ಮಂಜು. ಹನ್ನೊಂದು ವರ್ಷ ಆಕೆ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಹಡಗು ಹತ್ತುವವರ ಹೆಸರು ಬರೆದುಕೊಂಡ ಗುಮಾಸ್ತರಿಗೆ ನಮ್ಮ ಮಾತಿನ ಗಂಧಗಾಳಿ ಇರಲಿಲ್ಲ. ಕಿವಿಗೆ ಬಿದ್ದದ್ದನ್ನು ತಮ್ಮ ಲಿಪಿಯಲ್ಲಿ ಗೀಚಿದ್ದರು. ‘ಕಮ್ಮಾರ’ ಎಂದವನು ಪುಸ್ತಕದಲ್ಲಿ ‘ಕ್ಯಾಮರಾ’ ಆಗಿ, ಮೊಮ್ಮಕ್ಕಳು ತಮ್ಮದು ಫೋಟೋ ತೆಗೆಯುವವರ ವಂಶವೆಂದು ನಂಬಿ ಸ್ಟುಡಿಯೋ ಕೂಡ ತೆರೆದಿದ್ದರು. ಅವರ ತಾತನ ಕುಲುಮೆಯನ್ನು ಹುಡುಕಿಕೊಟ್ಟವರು ಗಟ್ಟಿಯಮ್ಮ.

“ಬರೆದೋನು ಕಿವೀಲಿ ಬರೆದಿದಾನೆ. ನೀವು ಕಣ್ಣಲ್ಲಿ ಹುಡುಕಿದ್ರೆ ಸಿಕ್ತಾನಾ?” ಎಂಬುದು ಆಕೆಯ ಸಿದ್ಧಾಂತ. ಅದನ್ನು ಮೊದಲ ದಿನವೇ ಕರಡಿನವನಿಗೂ ಹೇಳಿದರು. ಮುಖಭಂಗವಾಗಿದ್ದವನಿಗೆ ಸಿದ್ಧಾಂತ ರುಚಿಸಲಿಲ್ಲ.

“ಬೇಡ ಮೇಡಂ. ಕಣ್ಣಿನ ಕೆಲಸಾನೇ ನಮ್ದು. ನಾನೇ ನೋಡ್ಕೋತೀನಿ.”

“ನೋಡ್ಕೊಳ್ಳಿ ಕರಡಿಯೋರೇ. ನೀವು ಸಿಕ್ಕಿದ್ರೆ ನಮಗೂ ಹೇಳಿ.”

ಹುಡುಕಬೇಕಾಗಿದ್ದದ್ದು ದೊಡ್ಡಪ್ಪನನ್ನು, ಅಂದರೆ ಅವನ ಅಪ್ಪನ ಅಣ್ಣನನ್ನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಗಿನ ಜಾವ ಮನೆ ಬಿಟ್ಟವನು, ತಾತನ ಹೊಸ ಚಪ್ಪಲಿ ಮೆಟ್ಟಿಕೊಂಡು ಹಡಗು ಹತ್ತಿದ. ‘ಕಳ್ಳನ ಹಾಗೆ, ಒಂದು ಮಾತೂ ಹೇಳದೆ ಹೋದ’ ಎಂದು ತಾತ ತೀರ್ಪು ಕೊಟ್ಟರು. ಅಂದಿನಿಂದ ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಚಪ್ಪಲಿಯನ್ನು ಮಾತ್ರ ಆಗಾಗ ನೆನೆಯುತ್ತಿದ್ದರು.

ಈ ತೀರ್ಪನ್ನು ಒಪ್ಪದಿದ್ದವಳು ಒಬ್ಬಳೇ: ದೊಡ್ಡಪ್ಪನ ಪುಟ್ಟ ತಂಗಿ, ಕರಡಿನವನ ಸೋದರತ್ತೆ. ಆಗ ಏಳು ವರ್ಷದವಳು. ಅಣ್ಣನ ಹಿಂದೆಯೇ ಕಳ್ಳಹೆಜ್ಜೆಯಲ್ಲಿ ಬಂದರಿನವರೆಗೂ ಹೋಗಿದ್ದೆ, ಅವನು ತನ್ನನ್ನು ಕಂಡು ‘ಹೋಗಿ ಬರ್ತೀನಿ’ ಎಂದು ಕೂಗಿದ್ದ ಎಂದಳು. ಯಾರೂ ನಂಬಲಿಲ್ಲ. ಹಾಸಿಗೆ ಬಿಟ್ಟೇಳದ ಹುಡುಗಿ ಬಂದರಿಗೆ ಹೋದಳಂತೆ ಎಂದು ನಕ್ಕರು. ಅಲ್ಲಿಂದ ಅವಳು ಏನು ಹೇಳಿದರೂ ‘ಅದು ಅತ್ತೆ ಕತೆ ಬಿಡು’ ಎನ್ನುವುದು ಮನೆಯ ಗಾದೆಯಾಯಿತು. ಹಾಲು ಉಕ್ಕುತ್ತಿದೆ ಎಂದು ಅವಳು ಕೂಗಿದರೂ ಯಾರೂ ಏಳುತ್ತಿರಲಿಲ್ಲ. ಹಾಲು ನಿಜವಾಗಿಯೂ ಉಕ್ಕುತ್ತಿತ್ತು.

ಈಗ ಅತ್ತೆಗೆ ಎಂಬತ್ತೇಳು. “ಅವನು ಎಲ್ಲಿ ಹೋದ, ಏನಾದ ಅನ್ನೋದು ಆಮೇಲಿರ್ಲಿ ಕಣೋ,” ಎಂದು ಅಣ್ಣನ ಮಗನನ್ನು ಕೂರಿಸಿಕೊಂಡು ಹೇಳಿದ್ದಳು. “ಹೇಳಿ ಹೋದ್ನೋ, ಹೇಳ್ದೆ ಹೋದ್ನೋ, ಅದನ್ನ ತಂದುಕೊಡು. ಸುಳ್ಳಿ ಅನ್ನಿಸಿಕೊಂಡು ನಾನು ಸಾಯಲ್ಲ.”

“ಅತ್ತೆ, ಪುಸ್ತಕದಲ್ಲಿ ಹೆಸರು ಇರುತ್ತೆ, ವಯಸ್ಸು ಇರುತ್ತೆ, ಗುರುತು ಇರುತ್ತೆ. ಹೇಳಿ ಹೋದೋರು ಯಾರು, ಹೇಳ್ದೆ ಹೋದೋರು ಯಾರು ಅಂತ ಕಾಲಂ ಇರುತ್ತಾ?”

“ನೀನು ನೋಡಿದ್ಯಾ?”

ನೋಡಿರಲಿಲ್ಲ. ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾದರೂ, ಅವನೂ ಅವಳನ್ನು ನಂಬಿರಲಿಲ್ಲ.

ಹನ್ನೊಂದು ದಿನ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ. ಆ ವರ್ಷದ ಹಡಗುಗಳ ಪುಸ್ತಕಗಳನ್ನೆಲ್ಲ ತೆರೆದು, ದೊಡ್ಡಪ್ಪನ ಮೂರಕ್ಷರದ ಹೆಸರನ್ನು ಹದಿನಾಲ್ಕು ಬಗೆಯಲ್ಲಿ ತಪ್ಪಾಗಿ ಬರೆದುಕೊಂಡು, ಸಾಲು ಸಾಲಿಗೂ ಅಡ್ಡಪಟ್ಟಿ ಇಟ್ಟು ನೋಡಿದ. ತನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಅನುಮಾನಕ್ಕೂ ಷರಾ ಬರೆದ. ಪಕ್ಕದ ಮೇಜಿನಿಂದ ಗಟ್ಟಿಯಮ್ಮನ ಓದು ಜೀರುಂಡೆಯ ಹಾಗೆ ಕಿವಿ ಕೊರೆಯುತ್ತಿದ್ದುದರಿಂದ, ನಾಲ್ಕನೆಯ ದಿನದಿಂದ ಕಿವಿಗೆ ಹತ್ತಿ ತುರುಕಿಕೊಂಡ. ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ. ನಿಜವಾದ ಇಲಿಯೊಂದು ಮಾತ್ರ ಕಪಾಟಿನ ಹಿಂದೆ ಕಂಡಿತು.

ಹನ್ನೆರಡನೆಯ ದಿನ ಅತ್ತೆಯೇ ಬಂದಳು. ಕೋಲು ಊರಿಕೊಂಡು ಮೂವತ್ತೆರಡು ಮೆಟ್ಟಿಲು ಹತ್ತಿ, ಸೀದಾ ಗಟ್ಟಿಯಮ್ಮನ ಎದುರು ಕೂತಳು.

“ಇವನಿಗೆ ಸಿಗಲ್ಲಮ್ಮ. ಎದುರಿಗಿಟ್ಟ ಕನ್ನಡಕಾನೂ ಇವನಿಗೆ ಹೆಂಡ್ತಿನೇ ಹುಡುಕಿಕೊಡಬೇಕು.”

“ಗೊತ್ತಮ್ಮ. ಇವರು ಮೊದಲ ದಿನ ತಮ್ಮನ್ನೇ ಹುಡುಕೋಕೆ ಅರ್ಜಿ ಕೊಟ್ಟಿದ್ರು.”

ಇಬ್ಬರು ಹೆಂಗಸರಿಗೂ ಅಲ್ಲೇ ಸ್ನೇಹವಾಯಿತು. ಸ್ನೇಹಕ್ಕೆ ತನ್ನ ಮಾನವೇ ಬಂಡವಾಳವಾದದ್ದನ್ನು ಕರಡಿನವನು ಹತ್ತಿಯ ಮೂಲಕವೂ ಕೇಳಿಸಿಕೊಂಡ.

ಅತ್ತೆ ತಿಂಗಳನ್ನೂ, ಅಂದು ಬೀಸುತ್ತಿದ್ದ ಗಾಳಿಯ ದಿಕ್ಕನ್ನೂ ಹೇಳಿದಳು. ಗಟ್ಟಿಯಮ್ಮ ಒಂದು ಹೊತ್ತಿಗೆಯನ್ನು ಇಳಿಸಿ, ಕುಂಚದಿಂದ ಧೂಳು ಒರೆಸಿ, ಬೆರಳಿಗೆ ನೀರು ಮುಟ್ಟಿಸಿಕೊಂಡು ಶುರು ಮಾಡಿದರು. ಏರಿಲ್ಲ, ಇಳಿವಿಲ್ಲ, ಮಗ್ಗಿ ಒಪ್ಪಿಸಿದ ಹಾಗೆ. ಹೆಸರು, ವಯಸ್ಸು, ಗುರುತು. ಹೆಸರು, ವಯಸ್ಸು, ಗುರುತು. ನಾನೂರ ಒಂಬತ್ತು ಒಬ್ಬ ಬಡಗಿ, ಮೂವತ್ತು ವರ್ಷ, ಬೆರಳು ನಾಲ್ಕು. ನಾನೂರ ಹತ್ತು ಒಬ್ಬ ಕ್ಷೌರಿಕ, ಇಪ್ಪತ್ತಾರು, ಎದೆ ಮುಟ್ಟುವ ಗಡ್ಡ. ಅತ್ತೆ ಕಣ್ಣು ಮುಚ್ಚಿದ್ದಳು. ನಿದ್ದೆ ಹೋದಳೇನೋ ಎಂದು ಕರಡಿನವನು ಅಂದುಕೊಂಡ.

“ನಾನೂರ ಹನ್ನೊಂದು,” ಎಂದರು ಗಟ್ಟಿಯಮ್ಮ. “ಹೋಗ್ಬರ್ತಿನಿ.”

“ಹೂಂ ಕಣೋ, ಜೋಪಾನ, ಬೇಗ ಬಾ,” ಎಂದಳು ಅತ್ತೆ, ಕಣ್ಣು ತೆರೆಯದೆಯೇ.

“ಹೂಂ ಮೇಡಂ, ಬನ್ನಿ,” ಎಂದು ಬಾಗಿಲ ಜವಾನ ಸ್ಟೂಲಿನಿಂದ ಎದ್ದೇ ನಿಂತ. ಕಿಟಕಿ ಬದಿಯಲ್ಲಿ ಓದುತ್ತಿದ್ದ ಒಬ್ಬರು, ಇಷ್ಟು ಬೇಗ ಕಚೇರಿ ಮುಚ್ಚಿತೇ ಎಂದು ಗಡಿಯಾರ ನೋಡಿದರು.

ಆಮೇಲೆ ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಆ ಫಲಕದ ಮಾತು ನಡೆಯಿತು. ಕೋಣೆಯಲ್ಲಿ ಸದ್ದೇ ಇಲ್ಲ.

ನಮ್ಮ ಭಾಷೆಯಲ್ಲಿ ಹೊಸ್ತಿಲು ದಾಟುವವನು ಬರೀ ಹೋಗುವಂತಿಲ್ಲ. ಬೀದಿ ಕೊನೆಯ ಅಂಗಡಿಗಾದರೂ ಸರಿ, ಸಮುದ್ರದಾಚೆಗಾದರೂ ಸರಿ, ಹೋಗುವುದಕ್ಕೆ ಬರುವುದನ್ನು ಗಂಟು ಹಾಕಿಯೇ ಹೊರಡಬೇಕು. ಒಳಗಿದ್ದವರು ‘ಹೂಂ’ ಎನ್ನಲೇಬೇಕು. ಯೋಚಿಸಿ ಅನ್ನುವುದಲ್ಲ ಅದು, ಸೀನಿದ ಹಾಗೆ ತಾನಾಗಿ ಬರುವುದು.

“ವಯಸ್ಸು ಹತ್ತೊಂಬತ್ತು,” ಗಟ್ಟಿಯಮ್ಮ ಮುಂದುವರಿಸಿದರು. ದನಿ ಒಂದಿಷ್ಟೂ ಬದಲಾಗಿರಲಿಲ್ಲ. “ಗುರುತು, ಎಡ ಹುಬ್ಬು ಸೀಳಿ ಎರಡಾಗಿದೆ.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. “ಅದು ನನ್ನ ಬುಗುರಿ.”

“ಏನತ್ತೆ?”

“ನಾನೇ ಕಣೋ ಬುಗುರಿ ಎಸೆದದ್ದು. ಮೆಟ್ಟಿಲ ಮೇಲೆ ಬಿದ್ದೆ ಅಂತ ಅವನು ಅಪ್ಪನ ಹತ್ರ ಸುಳ್ಳು ಹೇಳಿ ನನ್ನ ಉಳಿಸಿದ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ ನಾನು.”

“ಅಂದ್ರೆ ಸುಳ್ಳು ಹೇಳ್ತಿದ್ದೋರು ಅಣ್ಣ. ನೀವಲ್ಲ,” ಎಂದು ಗಟ್ಟಿಯಮ್ಮ ಷರಾ ಹಾಕಿದರು. “ಅವರು ಕೂಗುವಾಗ ಎಲ್ಲಿ ನಿಂತಿದ್ರು?”

“ಮೇಜಿನ ಮುಂದೆ. ಸಾಲು ಮುಂದಕ್ಕೆ ಬಂದಿತ್ತು. ಟೋಪಿ ಹಾಕ್ಕೊಂಡೋನು ಏನೋ ಕೇಳ್ತಾ ಇದ್ದ. ನಾನು ಕಂಬಿ ಹಿಡ್ಕೊಂಡಿದ್ದೆ. ಇವನು ನನ್ನ ನೋಡಿದೋನೇ ತಿರುಗಿ ಕೂಗಿಬಿಟ್ಟ.”

“ಟೋಪಿಯೋನು ಕೇಳಿದ್ದು ಹೆಸರು. ಕೇಳಿಸಿದ್ದನ್ನ ಬರ್ಕೊಂಡ.” ಗಟ್ಟಿಯಮ್ಮ ಹೊತ್ತಿಗೆಯನ್ನು ಅತ್ತೆಯ ಕಡೆ ತಿರುಗಿಸಿ, ಸಾಲಿನ ಕೆಳಗೆ ಬೆರಳಿಟ್ಟರು. “ನೋಡಿಮ್ಮ. ಹೇಳಿಯೇ ಹೋಗಿದಾರೆ. ಮೊಹರೂ ಬಿದ್ದಿದೆ.”

ಮಾತು ಆಡಿದರೆ ಹೋಯಿತು ಎಂದು ಗಾದೆ. ಇಲ್ಲಿ ಆಡಿದ ಮಾತೇ ಉಳಿದು, ಆಡಿದವನ ಹೆಸರು ಹೋಗಿತ್ತು.

ಅತ್ತೆ ಓದಲಾರದ ಆ ಲಿಪಿಯನ್ನು ಬೆರಳಿನಿಂದ ಸವರುತ್ತಿದ್ದಾಗ, ಕರಡಿನವನು ಮೆಲ್ಲಗೆ ತನ್ನ ಟಿಪ್ಪಣಿ ಪುಸ್ತಕ ತೆರೆದ. ಏಳನೆಯ ದಿನದ ಪುಟದಲ್ಲಿ ಅವನದೇ ಮುತ್ತಿನಂಥ ಅಕ್ಷರ: ‘೪೧೧. ಯಾರೋ ಪರದೇಶದ ಹಾಡುಗಾರನ ಹೆಸರಿನಂತಿದೆ. ನಮ್ಮವನಲ್ಲ. ಕೈಬಿಟ್ಟಿದೆ.’ ಕೆಳಗೆ ಎರಡು ಗೆರೆ. ಅವನು ಪುಸ್ತಕ ಮುಚ್ಚುವಷ್ಟರಲ್ಲಿ ಗಟ್ಟಿಯಮ್ಮನ ಕಣ್ಣು ಅದರ ಮೇಲೆ ಬಿದ್ದಿತ್ತು. ಆಕೆ ಅದನ್ನೂ ಗಟ್ಟಿಯಾಗಿ ಓದಿದರು ಎಂದು ಬೇರೆ ಹೇಳಬೇಕಿಲ್ಲ.

ಆ ಸಾಲಿನ ನಕಲಿಗೆ ಕಟ್ಟು ಹಾಕಿಸಿ ಅತ್ತೆ ಊಟದ ಮೇಜಿನ ಎದುರು ತೂಗುಹಾಕಿದಳು, ನುಂಗುವ ಪ್ರತಿ ತುತ್ತಿಗೂ ಎಲ್ಲರಿಗೂ ಕಾಣಲಿ ಎಂದು. ‘ಅತ್ತೆ ಕತೆ’ ಎಂಬ ಗಾದೆ ಅಂದೇ ಸತ್ತಿತು. ಈಗ ಅವಳು ಹಾಲು ಎಂದರೆ ಸಾಕು, ಮೂವರು ಏಳುತ್ತಾರೆ. ಅದನ್ನು ತಿಳಿದುಕೊಂಡು ಅವಳು ಒಲೆ ಹಚ್ಚದೆಯೂ ಎರಡು ಸಲ ಕೂಗಿದ್ದುಂಟು.

ಹೊಸ ಹೆಸರು ಹಿಡಿದು ಗಟ್ಟಿಯಮ್ಮ ಕಡಲಾಚೆಯ ದಾಖಲೆ ಕಚೇರಿಗೆ ಬರೆದರು. ಎರಡು ತಿಂಗಳಿಗೆ ಉತ್ತರ ಬಂತು. ಆ ದೇಶದಲ್ಲೆಲ್ಲ ಆ ಹೆಸರಿನ ಮನೆತನ ಒಂದೇ, ಒಟ್ಟು ನಲವತ್ತಮೂರು ಜನ. ಜೊತೆಗೆ ದೊಡ್ಡಪ್ಪನ ಮೊಮ್ಮಗಳ ಕಾಗದ, ಒಂದು ಫೋಟೋ. ಫೋಟೋದಲ್ಲಿ ನೀಲಿ ಬಸ್ಸು, ಅದರ ಹಣೆಯ ಮೇಲೆ ದಪ್ಪಕ್ಷರದಲ್ಲಿ ‘ಹೋಗ್ಬರ್ತಿನಿ ಬಸ್ ಸರ್ವಿಸ್’.

ಅತ್ತೆಯನ್ನು ಕರೆದುಕೊಂಡು ಕರಡಿನವನು ಮತ್ತೆ ಮೂವತ್ತೆರಡು ಮೆಟ್ಟಿಲು ಹತ್ತಿದ. ಗಟ್ಟಿಯಮ್ಮ ಕಾಗದವನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದಿದರು. ಕೋಣೆಯಲ್ಲಿದ್ದವರೆಲ್ಲ ಓದುವಂತೆ ನಟಿಸುತ್ತ ಕೇಳಿದರು. ಅವಳ ತಾತ, ಅಂದರೆ ದೊಡ್ಡಪ್ಪ, ತೀರಿಹೋಗಿ ಇಪ್ಪತ್ತು ವರ್ಷವಾಯಿತಂತೆ. ಊರಿನ ಸುದ್ದಿ ಎತ್ತುತ್ತಿರಲಿಲ್ಲವಂತೆ. ಆದರೆ ಮನೆಯಿಂದ ಹೊರಡುವಾಗೆಲ್ಲ ಬಾಗಿಲಲ್ಲಿ ನಿಂತು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತಿದ್ದರಂತೆ. ಅದು ಮನೆತನದ ಹೆಮ್ಮೆ ಎಂದು ತಿಳಿದು, ಈಗಲೂ ಮಕ್ಕಳು ಮರಿಗಳೆಲ್ಲ ಹೊರಗೆ ಹೋಗುವಾಗ ಮನೆತನದ ಹೆಸರು ಕೂಗಿಯೇ ಬಾಗಿಲು ಎಳೆದುಕೊಳ್ಳುತ್ತಾರಂತೆ. ‘ನಮ್ಮ ಹೆಸರಿಗೆ ಅರ್ಥವೇನಾದರೂ ಇದೆಯೇ, ದಯವಿಟ್ಟು ತಿಳಿಸಿ’ ಎಂದು ಕಾಗದ ಮುಗಿದಿತ್ತು.

“ನಲವತ್ತಮೂರು ಜನಾನೂ ಹೇಳ್ತಾರಂತಲ್ಲೋ,” ಎಂದಳು ಅತ್ತೆ. ಕಣ್ಣು ಒರೆಸಿಕೊಂಡು, “ಚಪ್ಪಲಿ ಸುದ್ದಿ ಏನೂ ಬರೆದಿಲ್ವಾ?” ಎಂದಳು.

ಕರಡಿನವನೂ ಕನ್ನಡಕ ತೆಗೆದು ಒರೆಸಿಕೊಂಡ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಹೆಸರಿನ ಕಾಲಮ್ಮಿನಲ್ಲಿ ಹೆಸರಲ್ಲದ್ದು ಕೂತಿದೆಯಲ್ಲ ಎಂಬುದು ಅವನ ಕಣ್ಣಿನಲ್ಲಿ ಕಸದ ಹಾಗೆ ಒತ್ತುತ್ತಲೇ ಇತ್ತು. ಹತ್ತಿರದ ಸಂಬಂಧಿಗಳು ಅರ್ಜಿ ಕೊಟ್ಟರೆ ಹೆಸರಿನ ತಪ್ಪು ತಿದ್ದಬಹುದು ಎಂದು ಗೋಡೆಯ ಮೇಲೇ ಅಂಟಿಸಿದ್ದರು. ಅವನ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು.

“ಅಲ್ಲ ಮೇಡಂ, ಇಷ್ಟೆಲ್ಲ ಗೊತ್ತಾದ ಮೇಲೆ ಆ ನಾನೂರ ಹನ್ನೊಂದನ್ನ ತಿದ್ದಿ, ಅವರ ನಿಜವಾದ ಹೆಸರು ಹಾಕಿಸೋಕಾಗಲ್ವಾ?”

ಗಟ್ಟಿಯಮ್ಮ ಹೊತ್ತಿಗೆಗೆ ದಾರ ಸುತ್ತಿ ಗಂಟು ಹಾಕಿದರು.

“ಹೆಸರಾಗಿದ್ರೆ ನೀವು ತಿದ್ದಿಸಬಹುದಿತ್ತು ಕರಡಿಯೋರೇ. ಇದು ಹೇಳಿಕೆ. ಹೇಳಿಕೆ ತಿದ್ದಬೇಕಾದ್ರೆ ಕೊಟ್ಟವರೇ ಖುದ್ದಾಗಿ ಬರಬೇಕು. ಬರ್ತೀನಿ ಅಂತ ಬರೆಸಿದಾರಲ್ಲ, ಕೂತ್ಕೊಳ್ಳಿ.”